ಬಲಗಡೆಗೇ ಬಿದ್ದ ಹೂವು

ಮಠ ಅಂದಕೂಡಲೇ ಗೋಪುರ, ಆನೆ, ಪಲ್ಲಕ್ಕಿ ಅಂದುಕೊಳ್ಳಬೇಡಿ. ಹೊಳೆದಂಡೆಯ ಮೇಲೆ ನಾಲ್ಕು ಕೋಣೆ, ಒಂದು ಪಡಸಾಲೆ, ಒಂದು ಹೊಂಗೆಮರ. ಅಷ್ಟೇ.

ಅಲ್ಲಿದ್ದ ಗುರುಗಳಿಗೆ ಉದ್ದನೆಯ ಹೆಸರೊಂದಿತ್ತು. ಸುತ್ತಲ ಹಳ್ಳಿಯವರು ಅದನ್ನು ಯಾವತ್ತೋ ಮರೆತು, ಬುದ್ಧಿಯವರು ಅಂತಲೇ ಕರೆಯುತ್ತಿದ್ದರು. ನಾವೂ ಹಾಗೇ ಕರೆಯೋಣ.

ಅವರ ಶಿಷ್ಯ ಪಂಚಾಕ್ಷರಿ. ವಯಸ್ಸು ನಲವತ್ತು ದಾಟಿತ್ತು. ಮಠ ಸೇರುವ ಮುಂಚೆ ಗ್ರಂಥಾಲಯದಲ್ಲಿ ಕೆಲಸಕ್ಕಿದ್ದ. ಓದಿಕೊಂಡವನು, ಒಳ್ಳೆಯವನು, ಯಾರಿಗೂ ಕೆಟ್ಟದ್ದು ಬಯಸದವನು. ಆದರೆ ಒಂದು ಸೌತೆಕಾಯಿ ಕೊಳ್ಳಬೇಕಾದರೂ ಸಂತೆಯನ್ನೆಲ್ಲ ಮೂರು ಸುತ್ತು ಹಾಕಿ ಬರಿಗೈಲಿ ವಾಪಸು ಬರುವ ಪೈಕಿ.

ಮಠದ ಒಂದು ಕೋಣೆಯಲ್ಲಿ ಎರಡು ಹಳೆಯ ಕಂಪ್ಯೂಟರುಗಳಿದ್ದವು. ಕಣ್ಣು ಕಾಣದವರು ಅಲ್ಲಿಗೆ ಬಂದು ಕೆಲಸ ಕಲಿಯುತ್ತಿದ್ದರು. ಕೀಲಿ ಒತ್ತಿದರೆ, ಒತ್ತಿದ್ದು ಯಾವ ಅಕ್ಷರ ಅಂತ ಕಂಪ್ಯೂಟರೇ ಬಾಯಿಬಿಟ್ಟು ಹೇಳುತ್ತದೆ. ಬೆರಳಲ್ಲಿ ಒತ್ತುವುದು, ಕಿವಿಯಲ್ಲಿ ಕೇಳುವುದು. ಕಲಿಸುವವನು ಪಂಚಾಕ್ಷರಿ.

ಆ ವರ್ಷ ಕಲಿಯಲು ಬರುತ್ತಿದ್ದವಳು ರೇವಮ್ಮ ಒಬ್ಬಳೇ. ಮೂವತ್ತೆರಡು ವರ್ಷದ ಹೆಣ್ಣುಮಗಳು. ಹೊಳೆಯಾಚೆಯ ಊರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಕೋಲು ಹಿಡಿದು ಸೇತುವೆ ದಾಟಿ, ದಿನ ಬಿಟ್ಟು ದಿನ ಬರುತ್ತಿದ್ದಳು.

ಪಟ್ಟಣದ ಆಸ್ಪತ್ರೆಯೊಂದರಲ್ಲಿ ಫೋನ್ ಎತ್ತಿ ಮಾತಾಡುವ, ಬಂದವರ ಹೆಸರು ಕಂಪ್ಯೂಟರಿನಲ್ಲಿ ಬರೆದುಕೊಳ್ಳುವ ಒಂದು ಕೆಲಸ ಖಾಲಿ ಇತ್ತು. ಅದಕ್ಕೊಂದು ಪರೀಕ್ಷೆ. ಪಾಸಾದರೆ ಆಸ್ಪತ್ರೆಯ ಹಿಂದೆಯೇ ಇರುವುದಕ್ಕೆ ಒಂದು ಕೋಣೆಯನ್ನೂ ಕೊಡುತ್ತಾರೆ. ಆ ಕೋಣೆಯ ಮೇಲೆಯೇ ರೇವಮ್ಮನ ಜೀವ ಇತ್ತು.

"ಅಣ್ಣ ಅತ್ತಿಗೆ ಕೆಟ್ಟವರಲ್ಲ" ಅಂತ ಪಂಚಾಕ್ಷರಿಯ ಹತ್ತಿರ ಅನ್ನುತ್ತಿದ್ದಳು. "ಆದರೂ ನಂದು ಅಂತ ಒಂದು ಬಾಗಿಲು ಇರಬೇಕು ಕಣಣ್ಣ. ಒಳಗಿಂದ ಚಿಲಕ ಹಾಕ್ಕಳಕೆ."

ತೊಂದರೆ ಏನಪ್ಪ ಅಂದರೆ, ಹಳೆಯ ಕಂಪ್ಯೂಟರುಗಳು ಮುದಿಯಾಗಿದ್ದವು. ಅಕ್ಷರ ಒತ್ತಿ, ಒಂದು ಎಲೆಯಡಿಕೆ ಹಾಕಿಕೊಂಡು ಮುಗಿಸುವ ಹೊತ್ತಿಗೆ ಅದರ ಹೆಸರು ಹೇಳುತ್ತಿದ್ದವು.

ಊರಿನ ಅಕ್ಕಿಗಿರಣಿಯ ಯಜಮಾನರು ಇದನ್ನು ಕೇಳಿ ಮಠಕ್ಕೆ ಬಂದರು. "ಒಂದು ಹೊಸ ಲ್ಯಾಪ್‌ಟಾಪ್ ಕೊಡಿಸಲೋ? ಅಗ್ಗದ್ದೇ ಅನ್ನಿ. ಇಲ್ಲ, ಇರೋ ಎರಡಕ್ಕೂ ಒಳಗಿನ ಸಾಮಾನು ಹೊಸದು ಹಾಕಿಸಿ ಕೊಡಲೋ? ಎರಡರಲ್ಲಿ ಯಾವುದು ಬೇಕೋ ಹೇಳಿ ಕಳಿಸಿ, ಅವತ್ತೇ ಕೊಡಿಸ್ತೀನಿ" ಅಂದರು.

ಯಾವುದು ಬೇಕು ಅಂತ ಹೇಳುವ ಕೆಲಸ ಪಂಚಾಕ್ಷರಿಯದು.

ಅವರು ಹಾಗೆ ಹೇಳಿ ಒಂದು ತಿಂಗಳಾಯಿತು.

ಒಂದು ಬೆಳಿಗ್ಗೆ ಬುದ್ಧಿಯವರು ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದರು. ಪಂಚಾಕ್ಷರಿ ನಾಲ್ಕು ಹಾಳೆ ಹಿಡಿದುಕೊಂಡು ಬಂದ.

"ಬುದ್ಧಿ, ತೀರ್ಮಾನಕ್ಕೆ ಹತ್ತಿರ ಬಂದಿದ್ದೀನಿ."

"ಬಾರಪ್ಪ. ಪರೀಕ್ಷೆ ಯಾವತ್ತು?"

"ಇನ್ನು ಇಪ್ಪತ್ತೆಂಟು ದಿನ ಅದೆ."

"ಸರಿ, ಹೇಳು."

"ಹೊಸ ಲ್ಯಾಪ್‌ಟಾಪಿಗೆ ಒಂದು ವರ್ಷದ ವಾರಂಟಿ ಅದೆ. ಆದರೆ ಅಗ್ಗದ್ದರಲ್ಲಿ ಮೆಮೊರಿಯನ್ನ ಬೆಸುಗೆ ಹಾಕಿಬಿಟ್ಟಿರ್ತಾರೆ, ಮುಂದೆ ಜಾಸ್ತಿ ಮಾಡಕಾಗಲ್ಲ. ಹಳೇ ಡಬ್ಬ ಬಿಚ್ಚಿ ಮೆಮೊರಿ ಹಾಕಬಹುದು, ಹಾರ್ಡ್ ಡಿಸ್ಕ್ ತೆಗೆದು ಹೊಸ ನಮೂನೆದು ಕೂರಿಸಬಹುದು, ಕುದುರೆ ಹಂಗೆ ಓಡ್ತದೆ. ಆದರೆ ಒಳಗಿನ ಬೋರ್ಡು ಹಳೇದು, ಯಾವಾಗ ಕೈ ಕೊಡ್ತದೋ ಗೊತ್ತಿಲ್ಲ. ಲ್ಯಾಪ್‌ಟಾಪ್ ಆದರೆ ಕರೆಂಟು ಹೋದರೂ ನಡೀತದೆ. ಆದರೆ ಅದು ಒಂದೇ. ಹಳೇವು ಎರಡು. ಆದರೆ..."

ಬುದ್ಧಿಯವರು ಅವರೆಕಾಯಿ ಸುಲಿಯುವುದನ್ನು ನಿಲ್ಲಿಸಿದರು.

"ಪಂಚಾಕ್ಷರಿ, ನೀನು ಹೇಳಿದ್ದರಲ್ಲಿ ನನಗೆ ಅರ್ಥವಾದ ಪದ ಒಂದೇ."

"ಯಾವುದು ಬುದ್ಧಿ?"

"ಆದರೆ."

ಪಂಚಾಕ್ಷರಿ ತಲೆ ತಗ್ಗಿಸಿದ.

"ಕೈಲಿರೋದೇನು?"

"ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರೋ ಪಟ್ಟಿ ಬುದ್ಧಿ. ನಲವತ್ತಮೂರು ಸಾಲು."

ಬುದ್ಧಿಯವರು ಕಣ್ಣು ಮುಚ್ಚಿಕೊಂಡರು. "ಓದು. ಕಣ್ಣಿಗೆ ಕಂಡರೆ ಮಾತ್ರ ಉಪಯೋಗಕ್ಕೆ ಬರೋದನ್ನ ಹೊಡೆದುಹಾಕ್ತಾ ಹೋಗು."

ಪಂಚಾಕ್ಷರಿ ಓದಿದ. ತೆರೆಯ ಅಗಲ, ಹೊಡೆದ. ಬೆಳಕು, ಹೊಡೆದ. ಬಣ್ಣ, ಹೊಡೆದ. ಕ್ಯಾಮೆರಾ, ಹೊಡೆದ. ಚಿತ್ರದ ಸ್ಪಷ್ಟತೆ ಅಂತ ಒಂದೂವರೆ ಹಾಳೆ ಬರೆದಿದ್ದ, ಅಷ್ಟನ್ನೂ ಹೊಡೆದ. ಪೆನ್ನಿನ ಶಾಯಿ ಮುಗಿಯುತ್ತಾ ಬಂತು.

"ಎಷ್ಟು ಉಳೀತು?"

"ಮೂರು ಬುದ್ಧಿ. ಒತ್ತಿದ ತಕ್ಷಣ ಮಾತಾಡಬೇಕು. ಕೀಲಿಗಳು ಬೆರಳಿಗೆ ಸಿಗಬೇಕು. ಮಧ್ಯದಲ್ಲಿ ನಿಲ್ಲಬಾರದು."

"ಈ ಮೂರು ಯಾವುದರಲ್ಲಿ ಅದೆ?"

ಪಂಚಾಕ್ಷರಿ ಬಹಳ ಹೊತ್ತು ಹಾಳೆ ನೋಡಿದ. ಅವನ ಮುಖ ಇನ್ನಷ್ಟು ಬಾಡಿತು.

"ಎರಡರಲ್ಲೂ ಅದೆ ಬುದ್ಧಿ. ಮುಂಚೆ ಒಂದು ಮೇಲೆ, ಇನ್ನೊಂದು ಕೆಳಗೆ ಅಂತ ಏನಾದರೂ ಇತ್ತು. ನೀವು ಎಲ್ಲಾ ಹೊಡೆಸಿಬಿಟ್ಟಿರಿ. ಈಗ ಎರಡೂ ಸಮ ಆಗೋದ್ವು. ಈಗ ನಾನು ಏನು ಮಾಡಲಿ?"

"ಅವರೆಕಾಯಿ ಸುಲಿ" ಅಂದರು ಬುದ್ಧಿಯವರು.

ಸುಲಿದ. ಆದರೆ ಮನಸ್ಸು ಅಲ್ಲಿರಲಿಲ್ಲ. ಕಾಳನ್ನು ಸಿಪ್ಪೆಯ ಮೊರಕ್ಕೂ ಸಿಪ್ಪೆಯನ್ನು ಕಾಳಿನ ಬುಟ್ಟಿಗೂ ಹಾಕುತ್ತಾ ಕೂತಿದ್ದ.

ಮಾರನೆಯ ದಿನ ಪಟ್ಟಣಕ್ಕೆ ಹೋದ. ತಿಳಿದವರನ್ನು ಕೇಳುವುದು ವಾಸಿ ಅನ್ನಿಸಿತ್ತು. ಸಂಜೆ ವಾಪಸು ಬಂದವನು, ಜಾತ್ರೆಯಲ್ಲಿ ಕಳೆದುಹೋದವನ ಹಾಗಿದ್ದ.

"ಹೊಸದು ಮಾರೋನು ಏನಂದ?" ಬುದ್ಧಿಯವರು ಕೇಳಿದರು.

"ಹಳೇದಕ್ಕೆ ಖರ್ಚು ಮಾಡೋದು ಅಂದರೆ ಸತ್ತ ಎಮ್ಮೆ ಮುಂದೆ ಹಿಂಡಿ ಇಟ್ಟಂಗೆ ಅಂದ."

"ರಿಪೇರಿ ಮಾಡೋನು?"

"ಅಗ್ಗದ ಲ್ಯಾಪ್‌ಟಾಪು ನೋಡಕಷ್ಟೇ ಚೆಂದ, ವರ್ಷ ತುಂಬೋದರೊಳಗೆ ಮೂಲೆ ಸೇರ್ತದೆ. ನಿಮ್ಮ ಹಳೇದು ಕಬ್ಬಿಣ ಸ್ವಾಮಿ, ಒಂದು ಗಂಟೆ ಬಿಟ್ಟು ಹೋಗಿ, ಎಬ್ಬಿಸಿ ಕೂರಿಸ್ತೀನಿ ಅಂದ."

"ಇಬ್ಬರಲ್ಲಿ ಸುಳ್ಳು ಹೇಳಿದೋನು ಯಾರು?"

"ಇಬ್ಬರೂ ನಿಜಾನೇ ಹೇಳ್ದಂಗಿತ್ತು ಬುದ್ಧಿ. ಅದೇ ಕಷ್ಟ ಆಗಿರೋದು."

ಬುದ್ಧಿಯವರು ನಕ್ಕರು. ಪಂಚಾಕ್ಷರಿಗೆ ನಗು ಬರಲಿಲ್ಲ.

ಹತ್ತು ದಿನ ಹೀಗೇ ಕಳೆಯಿತು. ದಿನ ಬಿಟ್ಟು ದಿನ ರೇವಮ್ಮ ಬರುವಳು. "ಅಣ್ಣ, ಬಂತಾ?" ಅನ್ನುವಳು. "ಇನ್ನೇನು ಬಂದಂಗೇ ರೇವಮ್ಮ" ಅನ್ನುವನು. ಅವಳು ಹಳೆಯ ಕಂಪ್ಯೂಟರಿನ ಮುಂದೆ ಕೂತು ಒಂದು ಅಕ್ಷರ ಒತ್ತಿ, ಅದು ಮಾತಾಡುವ ತನಕ ಕಿವಿಗೊಟ್ಟು ಕಾಯುವಳು.

ಕೊನೆಗೆ ಪಂಚಾಕ್ಷರಿಗೆ ಒಂದು ದಾರಿ ಹೊಳೆಯಿತು. ಹೊಳೆದಂಡೆಯ ಮೇಲೆಯೇ ಅಮ್ಮನ ಗುಡಿ ಇತ್ತು. ಆ ಕಡೆಯ ಜನ ಹೆಣ್ಣು ನೋಡುವುದಿರಲಿ, ಎತ್ತು ಕೊಳ್ಳುವುದಿರಲಿ, ಮನಸ್ಸು ಹೊಯ್ದಾಡಿದಾಗ ಅಲ್ಲಿ ಹೋಗಿ ಹೂವಿನ ಪ್ರಸಾದ ಕೇಳುತ್ತಾರೆ. ಅಮ್ಮನ ಮೈಮೇಲೆ ಒದ್ದೆ ಹೂವು ಅಂಟಿಸಿರುತ್ತಾರೆ. ಕೇಳಿಕೊಂಡಾಗ ಬಲಗಡೆಯ ಹೂವು ಬಿದ್ದರೆ ಆಗಲಿ ಅಂತ, ಎಡಗಡೆಯದು ಬಿದ್ದರೆ ಬೇಡ ಅಂತ.

ಪಂಚಾಕ್ಷರಿ ಮಡಿಯಲ್ಲಿ ಹೋಗಿ ಕೈಮುಗಿದು ಕೂತ. ಮುಕ್ಕಾಲು ಗಂಟೆ ಕೂತ. ಬಲಗಡೆಯಿಂದ ಒಂದು ಹೂವು ತೊಪ್ಪನೆ ಬಿತ್ತು.

"ಬಲಗಡೆ ಕೊಟ್ಟಳು ತಾಯಿ!" ಅಂತ ಪೂಜಾರಿ ಗಂಟೆ ಬಾರಿಸಿದ. "ಹೋಗಿ ಸ್ವಾಮಿ, ನಿಶ್ಚಿಂತೆಯಾಗಿ ಮಾಡಿ."

ಪಂಚಾಕ್ಷರಿ ಓಡಿ ಬಂದ. ಅವನ ಮುಖದಲ್ಲಿ ಅಷ್ಟು ಕಳೆ ಕಂಡು ತಿಂಗಳ ಮೇಲಾಗಿತ್ತು.

"ಬುದ್ಧಿ! ಅಮ್ಮ ಬಲಗಡೆ ಕೊಟ್ಟಳು!"

"ಒಳ್ಳೇದಾಯ್ತು. ಏನಂತ ಕೇಳಿಕೊಂಡೆ?"

"ತಾಯಿ, ಹೊಸದು ತರಲಾ, ಹಳೇದನ್ನೇ ಸರಿ ಮಾಡಿಸಲಾ ಅಂತ."

"ಅವಳು?"

"ಹೂಂ ಅಂದಳು."

ಪಂಚಾಕ್ಷರಿ ಒಂದು ಗಳಿಗೆ ಹಾಗೇ ನಿಂತಿದ್ದ. ಆಮೇಲೆ ಅವನ ಬಾಯಿ ತೆರೆಯಿತು.

"ಅಯ್ಯೋ ಶಿವನೇ!" ಅಂದವನು ತಿರುಗಿ ಗುಡಿಗೆ ಓಡಿದ.

ಈ ಸಲ ಬಿಡಿಸಿ ಕೇಳಿದ. ತಾಯಿ, ಹೊಸದು ತರಲಾ? ಬಲಗಡೆಯ ಹೂವು ಬಿತ್ತು. ಅಷ್ಟಕ್ಕೆ ಎದ್ದು ಬರಬಹುದಿತ್ತು, ಬಂದಿದ್ದರೆ ಅವನು ಪಂಚಾಕ್ಷರಿ ಆಗುತ್ತಿರಲಿಲ್ಲ. ಯಾವುದಕ್ಕೂ ಇರಲಿ ಅಂತ ಇನ್ನೊಂದನ್ನೂ ಕೇಳಿದ. ಹಳೇದನ್ನ ಸರಿ ಮಾಡಿಸಲಾ? ಅದಕ್ಕೂ ಬಲಗಡೆಯ ಹೂವೇ ಬಿತ್ತು.

ಪೂಜಾರಿಗೆ ರೇಗಿತು. "ಒಂದೇ ದಿನ ಮೂರು ಸಲ ಕೇಳ್ತಾರೇನ್ರಿ? ಅವಳೇನು ವಿಚಾರಣೆ ಆಫೀಸು ಇಟ್ಕೊಂಡು ಕೂತವಳಾ? ಏಳಿ ಮೇಲೆ!"

ಪಂಚಾಕ್ಷರಿ ಮಠಕ್ಕೆ ಬಂದು ಬುದ್ಧಿಯವರ ಮುಂದೆ ಕುಸಿದು ಕೂತ.

"ಎರಡಕ್ಕೂ ಬಲಗಡೆ ಬುದ್ಧಿ. ಅಮ್ಮನಿಗೂ ಗೊಂದಲ ಆಗದೆ."

"ಗೊಂದಲ ಯಾಕಾಗ್ತದೆ? ನೀನು ಕೇಳಿದೆ, ಅವಳು ಹೇಳಿದಳು."

"ಏನು ಹೇಳಿದಳು ಬುದ್ಧಿ?"

"ಎರಡು ಸಲ ಹೂಂ ಅಂದಳು" ಅಂದು ಬುದ್ಧಿಯವರು ಸ್ನಾನಕ್ಕೆ ಹೊಳೆಗಿಳಿದರು.

ಪಂಚಾಕ್ಷರಿಗೆ ಅದೂ ಅರ್ಥವಾಗಲಿಲ್ಲ. ಅವನ ಪರವಾಗಿ ಒಂದು ಮಾತು ಹೇಳಬೇಕು: ಅವನು ಸೋಮಾರಿಯಲ್ಲ. ಆ ದಿನಗಳಲ್ಲಿ ಅವನು ಪಟ್ಟಷ್ಟು ಶ್ರಮವನ್ನು ಹೊಲ ಉಳುವವನೂ ಪಟ್ಟಿರಲಿಕ್ಕಿಲ್ಲ. ಅನ್ನ ಸೇರುತ್ತಿರಲಿಲ್ಲ. ಪಟ್ಟಿಯನ್ನು ಮತ್ತೆ ಹೊಸದಾಗಿ ಬರೆದ. ಐವತ್ತೊಂದು ಸಾಲಾಯಿತು.

ಪರೀಕ್ಷೆಗೆ ಹನ್ನೆರಡು ದಿನ ಇದ್ದಾಗ, ರೇವಮ್ಮ ಕೂತಿದ್ದ ಕಂಪ್ಯೂಟರು ಮಾತು ನಿಲ್ಲಿಸಿತು. ಇನ್ನೊಂದರ ಮುಂದೆ ಕೂರಿಸಿದ. ಅದು ಒಂದೇ ಅಕ್ಷರವನ್ನು ಹಿಡಿದುಕೊಂಡು ಗೊಣಗತೊಡಗಿತು.

ರೇವಮ್ಮ ಕೀಲಿಗಳ ಮೇಲಿಂದ ಕೈ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಣ್ಣ, ನಿಮ್ಮ ಮೇಲೆ ನಂಗೆ ಸಿಟ್ಟು ಬಂದದೆ. ಹೇಳಲಾ, ಬೇಡವಾ?"

"ಹೇಳು ರೇವಮ್ಮ."

"ನೀವು ಒಳ್ಳೇವ್ರು. ಕೈ ಹಿಡಿದು ಕಲಿಸಿದ್ರಿ. ಇಲ್ಲ ಅನ್ನಲ್ಲ. ಆದರೆ ನೀವು ಯೋಚನೆ ಮಾಡ್ತಾ ಎಷ್ಟು ದಿನ ಕುಂತ್ರೂ ಈ ಮಠದಲ್ಲಿ ನಿಮಗೆ ಎರಡೊತ್ತು ಊಟ ಬತ್ತದೆ, ಮಲಗಾಕೆ ಕೋಣೆ ಅದೆ. ನಿಮ್ಮ ಯೋಚನೆಗೆ ನನ್ನ ದಿನ ಖರ್ಚಾಯ್ತಾ ಅವೆ ಕಣಣ್ಣ."

ಅವಳು ಅಳಲಿಲ್ಲ. ಕೋಲು ಹುಡುಕಿಕೊಂಡು ಎದ್ದಳು. ಪಂಚಾಕ್ಷರಿಗೇ ಕಣ್ಣಲ್ಲಿ ನೀರು ಬಂತು.

ಅವನು ನೇರ ಬುದ್ಧಿಯವರ ಹತ್ತಿರ ಹೋದ. ಅವರು ಹೊಂಗೆಮರದ ಕೆಳಗೆ ಹರಿದ ಶಾಲಿಗೆ ಹೊಲಿಗೆ ಹಾಕುತ್ತಿದ್ದರು.

"ಬುದ್ಧಿ, ನನ್ನ ಕೈಲಾಗಲ್ಲ. ನೀವೇ ಹೇಳಿಬಿಡಿ. ಹೊಸದಾ, ಹಳೇದಾ? ನೀವು ಹೇಳಿದ್ದನ್ನ ಕಣ್ಣು ಮುಚ್ಚಿ ಮಾಡ್ತೀನಿ."

"ಆಗಲಿ, ಹೇಳ್ತೀನಿ" ಅಂದರು ಬುದ್ಧಿಯವರು. "ಅದು ಕೆಟ್ಟುಹೋದರೆ, ಯಾರಾದರೂ ಕೇಳಿದರೆ, ಬುದ್ಧಿಯವರು ಹೇಳಿದ್ರು ಅಂದುಬಿಡು. ನಿನ್ನ ಮೇಲೆ ಮಾತು ಬರೋದು ಬೇಡ."

ಎದೆ ಮೇಲಿನ ಕಲ್ಲು ಇಳಿದ ಹಾಗಾಯಿತು ಪಂಚಾಕ್ಷರಿಗೆ. "ಅಷ್ಟೇ ಸಾಕು ಬುದ್ಧಿ!"

"ಚೆನ್ನಾಗಿ ನಡೆದರೂ ಹಂಗೇ ಹೇಳಬೇಕು. ಆರಿಸಿದ್ದು ಬುದ್ಧಿಯವರು, ನನಗೇನೂ ಗೊತ್ತಿರಲಿಲ್ಲ ಅಂತ."

ಪಂಚಾಕ್ಷರಿಯ ಮುಖ ಸಣ್ಣದಾಯಿತು.

"ಯಾಕಪ್ಪ?"

"ಅಲ್ಲ ಬುದ್ಧಿ... ಒಂದೂವರೆ ತಿಂಗಳು ಕಷ್ಟಪಟ್ಟು ಓದಿ ತಿಳ್ಕೊಂಡಿದ್ದು ನಾನು..."

ಮಾತು ಬಾಯಿಂದ ಜಾರಿತ್ತು. ಅವನು ನಾಲಿಗೆ ಕಚ್ಚಿಕೊಂಡ. ಬುದ್ಧಿಯವರು ಸೂಜಿಗೆ ದಾರ ಪೋಣಿಸುತ್ತಿದ್ದರು, ಪೋಣಿಸುತ್ತಲೇ ಇದ್ದರು.

"ಬುದ್ಧಿ, ಒಂದು ಮಾತು ಹೇಳಲಾ?"

"ಹೇಳು."

"ಆರು ವರ್ಷದ ಹಿಂದೆ ಮಠದ ಅಡುಗೆಮನೆಗೆ ಮುದ್ದೆ ಕಟ್ಟೋ ಮಿಷನ್ ಆರಿಸಿ ತಂದೆನಲ್ಲ."

"ತಂದೆ."

"ಹುಣ್ಣಿಮೆ ದಿನ ನೂರಾರು ಜನ ಕೂತಿದ್ರು. ಮುದ್ದೆ ಕಟ್ಟೋ ಬದಲು ಅದು ಗೋಡೆಗೆ ಎಸೀತು. ಅವತ್ತಿಂದ ಈ ಸೀಮೇಲಿ ನನ್ನನ್ನ ಮುದ್ದೆ ಮಿಷನ್ ಪಂಚಾಕ್ಷರಿ ಅಂತಾರೆ. ಬಸ್ಸಿನ ಕಂಡಕ್ಟರೂ ಅಂತಾನೆ. ಮಕ್ಕಳೂ ಅಂತವೆ. ಇನ್ನೊಂದು ಸಲ ತಪ್ಪಾದರೆ ತಲೆ ಎತ್ತಕಾಗಲ್ಲ ಬುದ್ಧಿ. ನಂಗೆ ಹೆದರಿಕೆ."

"ನಿನ್ನ ಪಟ್ಟಿ ಎಷ್ಟು ಸಾಲಿಂದು?"

"ಐವತ್ತೊಂದು."

"ಇದನ್ನ ಎಷ್ಟನೇ ಸಾಲಲ್ಲಿ ಬರೆದಿದ್ದೀಯ?"

ಪಂಚಾಕ್ಷರಿಯ ಕಿವಿ ಕೆಂಪಾಯಿತು.

ಆಮೇಲೆ ಅವನು ಎದ್ದ. ಕೋಣೆಗೆ ಹೋಗಿ ಗೊಣಗುತ್ತಿದ್ದ ಕಂಪ್ಯೂಟರಿನ ವೈರುಗಳನ್ನು ಕಿತ್ತ. ಡಬ್ಬವನ್ನು ಹಳೇ ಪಂಚೆಯಲ್ಲಿ ಗಂಟು ಕಟ್ಟಿ ಹೆಗಲ ಮೇಲೆ ಹೊತ್ತು ಬಸ್ಸು ಹತ್ತಿದ. ಅಕ್ಕಿಗಿರಣಿಯ ಯಜಮಾನರಿಗೆ ಬಸ್ಸಿನಿಂದಲೇ ಫೋನ್ ಮಾಡಿ, ಹಳೇದೇ ಅಂತ ಹೇಳಿದ.

ಯಾಕೆ ಹಳೆಯದು? ಹೊಸದು ಯಾಕಲ್ಲ? ಅವನನ್ನು ಕೇಳಿದರೆ ಅವತ್ತು ಹೇಳುತ್ತಿರಲಿಲ್ಲ, ಇವತ್ತೂ ಹೇಳಲಾರ. ಕೈಗೆ ಸಿಕ್ಕಿದ್ದು ಅದು, ಅಷ್ಟೇ.

ಬಸ್ಸಿನಲ್ಲಿ ಕಂಡಕ್ಟರು, "ಏನ್ ಸ್ವಾಮಿ, ಇನ್ನೊಂದು ಮುದ್ದೆ ಮಿಷನ್ನಾ?" ಅಂದ. ಜನ ನಕ್ಕರು. ಪಂಚಾಕ್ಷರಿ ಡಬ್ಬ ತಬ್ಬಿಕೊಂಡು, "ಹೌದು ಕಣಪ್ಪ, ಒಂದು ಟಿಕೆಟ್ ಕೊಡು" ಅಂದ.

ರಿಪೇರಿಯವನು ಮಾತಿಗೆ ತಪ್ಪಲಿಲ್ಲ. ಗಂಟೆಯೊಳಗೆ ಮುಗಿಯಿತು. ಮಾರನೆಯ ದಿನ ರೇವಮ್ಮ ಬಂದು ಒಂದು ಅಕ್ಷರ ಒತ್ತಿದಳು. ಬೆರಳು ಏಳುವ ಮುಂಚೆ ಕಂಪ್ಯೂಟರು ಉತ್ತರ ಕೊಟ್ಟಿತು. ಅವಳು ಬೆಚ್ಚಿ ಕೈ ಹಿಂದಕ್ಕೆಳೆದುಕೊಂಡಳು. ಆಮೇಲೆ ಜೋರಾಗಿ ನಕ್ಕಳು.

"ಅಯ್ಯೋ, ಇದು ನನಗಿಂತ ಬಾಯಿ ಬಡುಕಿ ಕಣಣ್ಣ!"

ಮುಂದಿನ ಹನ್ನೊಂದು ದಿನ ಅವಳು ಒಂದು ದಿನವೂ ಬಿಡದೆ ಬಂದಳು. ಬೆಳಿಗ್ಗೆ ಬಂದರೆ ಸಂಜೆಗೆ ಹೋಗುವಳು. ಪಂಚಾಕ್ಷರಿ ಪಕ್ಕದಲ್ಲಿ ಕೂತು ಊರಿನ ಹೆಸರು, ಮನುಷ್ಯರ ಹೆಸರು, ಕಾಯಿಲೆಯ ಹೆಸರು ಹೇಳುವನು. ಅವಳು ಬರೆಯುವಳು. ದಿನದಿನಕ್ಕೂ ಕೈ ಚುರುಕಾಗುತ್ತಿತ್ತು.

ಪರೀಕ್ಷೆಯ ದಿನ ಅವಳ ಅಣ್ಣ ಕರೆದುಕೊಂಡು ಹೋದ.

ಅವಳಿಗೆ ಕೆಲಸ ಸಿಗಲಿಲ್ಲ.

ವಾಪಸು ಬರುವಾಗ ಅಣ್ಣತಂಗಿ ಇಬ್ಬರೂ ಮಠಕ್ಕೆ ಬಂದು ಹೇಳಿಹೋದರು. ಮಾತು, ಮರ್ಯಾದೆ ಎಲ್ಲ ಚೆನ್ನಾಗಿದೆ ಅಂದರಂತೆ. ಬರೆಯುವುದರಲ್ಲಿ ವೇಗ ಸಾಲದು ಅಂದರಂತೆ. ಇನ್ನೊಂದು ಇಪ್ಪತ್ತು ದಿನ ಅಭ್ಯಾಸ ಮಾಡಿದ್ದರೆ ಆಗುತ್ತಿತ್ತು, ಆರು ತಿಂಗಳ ಮೇಲೆ ಇನ್ನೊಂದು ಜಾಗ ಖಾಲಿ ಆಗುತ್ತದೆ, ಆಗ ಬಾಮ್ಮ ಅಂದರಂತೆ.

ಅಣ್ಣನಿಗೆ ಸಂಕಟ. "ಗಿರಣಿ ಯಜಮಾನರು ಕೊಡ್ತೀನಿ ಅಂದು ಎರಡು ತಿಂಗಳಾಗಿತ್ತಂತಲ್ಲ. ಯಾಕೆ ಸ್ವಾಮಿ ಇಷ್ಟು ತಡ ಆಯ್ತು? ಯಾರಿಂದ ತಡ ಆಯ್ತು?"

ಬುದ್ಧಿಯವರು ಅಲ್ಲೇ ಕೂತಿದ್ದರು. ಪಂಚಾಕ್ಷರಿ ಅವರ ಕಡೆ ಒಂದು ಸಲ ನೋಡಿದ. ಆಮೇಲೆ ರೇವಮ್ಮನ ಕಡೆ ತಿರುಗಿದ.

"ನನ್ನಿಂದ ಕಣಪ್ಪ. ನಾನೇ ತಡ ಮಾಡಿದೆ. ರೇವಮ್ಮ, ತಪ್ಪು ನಂದು."

ರೇವಮ್ಮ ಅಣ್ಣನ ತೋಳು ಹಿಡಿದು ಹೊರಟುಹೋದಳು.

ಮೂರು ದಿನ ಅವಳು ಬರಲಿಲ್ಲ. ಆ ಮೂರು ದಿನವೂ ಪಂಚಾಕ್ಷರಿ ಬಾಗಿಲಲ್ಲಿ ನಿಂತು ಸೇತುವೆಯ ಕಡೆ ನೋಡುತ್ತಿದ್ದ. ಬರುವುದಿಲ್ಲ ಅಂದುಕೊಂಡ. ಯಾಕೆ ಬಂದಾಳು ಅಂದುಕೊಂಡ.

ನಾಲ್ಕನೆಯ ದಿನ ಬೆಳಿಗ್ಗೆ ಬುದ್ಧಿಯವರು ಹೊಳೆಯ ಮೆಟ್ಟಿಲ ಮೇಲೆ ಕೂತಿದ್ದರು. ಪಂಚಾಕ್ಷರಿ ಬಂದು ಎರಡು ಮೆಟ್ಟಿಲು ಕೆಳಗೆ ನಿಂತ. ಕಣ್ಣು ಊದಿತ್ತು.

"ಬುದ್ಧಿ, ನನಗೆ ಒಂದು ತಿಳೀಬೇಕು."

"ಕೇಳು."

"ಹೊಸದು ತರಬೇಕಿತ್ತಾ? ಹೊಸದರಲ್ಲಿ ಅವಳ ಕೈ ಇನ್ನೂ ಚುರುಕಾಗ್ತಿತ್ತೇನೋ. ಲ್ಯಾಪ್‌ಟಾಪ್ ಆಗಿದ್ದರೆ ಮನೆಗೂ ತಗೊಂಡು ಹೋಗ್ತಿದ್ದಳು. ಇಲ್ಲ, ಹಳೇದೇ ಸರಿ, ಆದರೆ ಎರಡನ್ನೂ ಒಟ್ಟಿಗೆ ಮಾಡಿಸಬೇಕಿತ್ತಾ? ನಾನು ಮಾಡಿದ ತಪ್ಪು ಯಾವುದು ಅಂತಾನೇ ಗೊತ್ತಾಯ್ತಾ ಇಲ್ಲ ಬುದ್ಧಿ. ಹೊಸದೋ, ಹಳೇದೋ, ಯಾವುದು ಸರಿಯಿತ್ತು? ಅದೊಂದು ಹೇಳಿಬಿಡಿ. ಮುಂದೆ ನಾನು..."

ಬುದ್ಧಿಯವರು ಮಠದ ಕಡೆ ಕೈ ತೋರಿಸಿದರು. ಕಂಪ್ಯೂಟರಿನ ಕೋಣೆಯ ಹೊರಗೆ ಗೋಡೆಗೊರಗಿಸಿ ಒಂದು ಕೋಲು ಇಟ್ಟಿತ್ತು.

"ರೇವಮ್ಮ ಸೇತುವೆ ದಾಟಿ ಬಂದು ಕುಂತವಳೆ, ಪಂಚಾಕ್ಷರಿ. ನೀನು ಇನ್ನೂ ಇಲ್ಲೇ ನಿಂತಿದ್ದೀಯಲ್ಲಪ್ಪ."